ಖರ್ಚಿಲ್ಲದ ಪಾಲನೆ

ರಾಯಚೂರು, ಕಲಬುರಗಿ ಸೀಮೆಗಳಿಂದ ಭಾಗ್ಯನಗರಕ್ಕೆ ಬಂದು ನೆಲೆಸಿದ ನಮ್ಮ ಕುಟುಂಬಗಳಲ್ಲಿ ಮಗು ಹುಟ್ಟಿದೊಡನೆ ಊರಿನಿಂದ ಅಜ್ಜಿಯನ್ನು ಕರೆಸುವುದು ರೂಢಿ. ದಂಪತಿಗಳಿಬ್ಬರೂ ಉದ್ಯೋಗಸ್ಥರು; ಖಾಸಗಿ ಶಿಶುವಿಹಾರದ ಶುಲ್ಕ ಹೊರೆಯೆನಿಸುತ್ತದೆ; ಅಜ್ಜಿಯಿದ್ದರೆ ಖರ್ಚಿಲ್ಲ ಎನ್ನುತ್ತೇವೆ. ಈ ‘ಖರ್ಚಿಲ್ಲ’ ಎಂಬ ಮಾತನ್ನು ನಾವು ವಿಚಾರ ಮಾಡಬೇಕಾಗಿದೆ.

ಮಾನ್ವಿಯ ಕಡೆಯ ಹಿರಿಯ ತಾಯಿಯೊಬ್ಬರು ನಮಗೆ ಪರಿಚಿತರು. ಆರು ತಿಂಗಳಿಗೆಂದು ಮಿಯಾಪುರಕ್ಕೆ ಬಂದವರಿಗೆ ಈಗ ಮೂರನೆಯ ವರ್ಷ. ಮೊಣಕಾಲಿನ ನೋವಿದ್ದರೂ ದಿನವಿಡೀ ಮೊಮ್ಮಗನ ಹಿಂದೆ ಓಡಾಟ. ಊರಿನ ಮನೆಗೆ ಬೀಗ, ತುಲಸಿಗೆ ನೀರೆರೆಯುವವರಿಲ್ಲ. ಅವರು ಬೇಸರ ತೋರಿಸಿದವರಲ್ಲ, ನಿಜ. ಆದರೆ ಇಲ್ಲಿರಲು ಮನಸ್ಸಿದೆಯೇ ಎಂದು ಅವರನ್ನು ಯಾರೂ ಕೇಳಿಯೂ ಇಲ್ಲ. ತಾಯಿಯ ಋಣವನ್ನು ತೀರಿಸಬೇಕಾದ ವಯಸ್ಸಿನಲ್ಲಿ ನಾವು ಅದೇ ತಾಯಿಯಲ್ಲಿ ಹೊಸ ಸಾಲ ಮಾಡುತ್ತಿದ್ದೇವೆ.

ಬೇರೆ ಆಸರೆ ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಬಡವರಿಗೆ ಮಾತ್ರವೆಂಬುದು ನಮ್ಮ ತಪ್ಪು ತಿಳಿವಳಿಕೆ. ಬಡತನದ ರೇಖೆಯನ್ನು ಅದಕ್ಕೆ ಅರ್ಹತೆಯ ಅಳತೆಯಾಗಿ ಬಳಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ಆದೇಶಿಸಿತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಶಾಲಾಪೂರ್ವ ಶಿಕ್ಷಣವುಂಟು, ಆಹಾರವುಂಟು. ಮಡಿಯ ಮಾತು ಹಾಗಿರಲಿ. ಮನೆಗೆಲಸದವರ ಮಗುವಿನ ಪಕ್ಕದಲ್ಲಿ ನಮ್ಮ ಮಗು ಕೂರಬೇಕಲ್ಲ ಎಂಬ ಅಳುಕೂ ನಮ್ಮನ್ನು ತಡೆಯುತ್ತದೆ ಎಂಬುದನ್ನು ಒಪ್ಪಿಕೊಳ್ಳೋಣ. ಆದರೂ ಮೂರು ತುಂಬದ ಕೂಸಿಗೆ ಹೆಚ್ಚಿನ ಅಂಗನವಾಡಿಗಳಲ್ಲಿ ದಿನದ ಪಾಲನೆಯಿಲ್ಲ. ಕಚೇರಿ ಬಿಡುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಅಲ್ಲಿಯೂ ‘ಉಚಿತ’ದ ಭಾರ ಒಬ್ಬರ ಮೇಲಿದೆ. ಕಾರ್ಯಕರ್ತೆಗೆ ಸಲ್ಲುವುದು ವೇತನವಲ್ಲ, ಗೌರವಧನ. ಆಕೆ ಗ್ರಾಚ್ಯುಯಿಟಿಗೆ ಅರ್ಹಳೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದುದು 2022ರಲ್ಲಿ.

ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯವನ್ನು ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕು ಎಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಯಿತು. ಹೈಟೆಕ್ ಸಿಟಿಯಲ್ಲಿ ದುಡಿಯುವ ನಮ್ಮ ಮಕ್ಕಳು, ಸೊಸೆಯಂದಿರು ಇದನ್ನು ಕೇಳಲು ಹಿಂಜರಿಯುತ್ತಾರೆ. ಕಚೇರಿಯಲ್ಲಿ ಹಕ್ಕನ್ನು ಕೇಳುವುದಕ್ಕಿಂತ ಮನೆಯಲ್ಲಿ ತಾಯಿಯನ್ನು ಕೇಳುವುದು ಸುಲಭ.

ಈ ಚಾತುರ್ಮಾಸ್ಯಕ್ಕಾದರೂ ಊರಿಗೆ ಹೋಗಿಬರುವಿರಾ ಎಂದು ಮೊನ್ನೆ ಆ ತಾಯಿಯನ್ನು ವಿಚಾರಿಸಿದೆವು. ಒಂದು ಕ್ಷಣ ಸುಮ್ಮನಿದ್ದು, “ನನ್ನನ್ನು ಕೇಳಿದರೆ ಏನು ಹೇಳಲಿ? ಕೂಸು ಯಾರ ಹತ್ತಿರ ಇರಬೇಕು?” ಎಂದರು.