ಒಂದು ಅಗುಳಿನ ಲೆಕ್ಕ



ಇವತ್ತಿನ ಚಿಂತನೆಗೆ ಗಣಿತದ ಮಾತು ತಂದಿದ್ದೇನೆ. ನಾನು ಕನ್ನಡ ಮಾಸ್ತರ, ಗಣಿತ ನನ್ನ ವಿಷಯವಲ್ಲ. ಆದರೂ ಹತ್ತನೇ ತರಗತಿಯ ‘ಸಂಭವನೀಯತೆ’ ಪಾಠವನ್ನು ನಾಣ್ಯ, ದಾಳ, ಇಸ್ಪೀಟ್ ಎಲೆಗಳಲ್ಲೇ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಬಾಳಿಗೆ ಅಷ್ಟು ಹತ್ತಿರದ ಪಾಠ ಅದು.

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಅನ್ನುತ್ತೇವೆ. ಮಾತು ನಿಜವೇ. ಯಾಕೆಂದರೆ ಅಲ್ಲಿ ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ, ನಡುವೆ ಸೌಟೂ ಆಡಿರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಈ ಗಾದೆ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಚೀಲದ ಬಾಯಲ್ಲಿ ಕಂಡ ಮೆಣಸಿನಕಾಯಿ ನೋಡಿ ಯಾವ ಅನುಭವಸ್ಥನೂ ದರ ಹೇಳುವುದಿಲ್ಲ. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಮುರಿದು ಹಸಿ ಇದೆಯೇ ಎಂದು ನೋಡುತ್ತಾನೆ. ಆಮೇಲೆ ಇನ್ನೊಂದು ಚೀಲಕ್ಕೆ ಹೋಗುತ್ತಾನೆ. ಎಷ್ಟು ತೆಗೆದೆ, ಎಲ್ಲೆಲ್ಲಿಂದ ತೆಗೆದೆ? ಸಂಖ್ಯಾಶಾಸ್ತ್ರದ ‘ಮಾದರಿ’ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಜಗತ್ತು ಗೌರವಿಸುವ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯಲ್ಲಿ. ಮಾದರಿಯಿಂದ ಕಟ್ಟುವ ಅಂದಾಜು ಎಷ್ಟು ನಿಖರವಾಗಬಲ್ಲದು ಎಂಬುದಕ್ಕೂ ಒಂದು ಮಿತಿಯಿದೆ ಎಂದು 1945ರಲ್ಲಿ ತೋರಿಸಿದವರಲ್ಲಿ ಅವರೂ ಒಬ್ಬರು. ಒಂದು ಹಿಡಿಯಿಂದ ಇಡೀ ಚೀಲದ ಬಗ್ಗೆ ಇಷ್ಟನ್ನೇ ಹೇಳಬಹುದು, ಅದಕ್ಕಿಂತ ಹೆಚ್ಚು ಹೇಳಲಾಗದು ಎಂಬುದನ್ನು ಲೆಕ್ಕದಲ್ಲಿ ಹಿಡಿದವರು. ನಮ್ಮ ಮಕ್ಕಳಿಗೆ ಇವರ ಹೆಸರೇ ಗೊತ್ತಿಲ್ಲ!

ಈಗ ಚೀಲ ಬಿಟ್ಟು ಮನುಷ್ಯರ ಕಡೆಗೆ ಬರೋಣ. ಕೆಲವು ವರ್ಷದ ಹಿಂದೆ ರಾಣೇಬೆನ್ನೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮಾಲೀಕರು ಮರ್ಯಾದೆಯಿಂದಲೇ ಹೇಳಿದರು: “ಮಾಸ್ತರ, ನೀವು ಛಲೋ ಇರಬಹುದ್ರಿ. ಆದ್ರ ಮೊದಲ ನಿಮ್ಮವರೊಬ್ಬರು ಇದ್ರು, ಮೂರು ತಿಂಗಳ ಬಾಡಿಗಿ ಕೊಡದ ಹೋದ್ರು.”

ಅವರು ಹಿಚುಕಿದ್ದು ಒಂದೇ ಅಗುಳು. ಲೆಕ್ಕ ಮಾಡಿ ನೋಡೋಣ. ಯಾವ ಜಾತಿಯಲ್ಲಾದರೂ ಹತ್ತರಲ್ಲಿ ಒಬ್ಬರು ಬಾಡಿಗೆ ಬಾಕಿ ಇಡುತ್ತಾರೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಮಾಲೀಕರ ಜಾತಿಯ ಹತ್ತು ಬಾಡಿಗೆದಾರರಲ್ಲಿ ಕನಿಷ್ಠ ಒಬ್ಬರಾದರೂ ಬಾಕಿ ಇಡುವ ಸಂಭವನೀಯತೆ ನೂರಕ್ಕೆ ಸುಮಾರು 65. ಅಂದರೆ ಅಂಥವರನ್ನೂ ಅವರು ಕಂಡಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಕೆಟ್ಟವನಾದದ್ದು ಆ ವ್ಯಕ್ತಿ ಮಾತ್ರ. ನಮ್ಮ ವಿಷಯಕ್ಕೆ ಬಂದಾಗ ಕೇರಿಯೇ ಕೆಟ್ಟಿತು.

ಉದಾನದಲ್ಲಿ ಬರುವ ಹುಟ್ಟುಕುರುಡರ ಕತೆ ಎಲ್ಲರಿಗೂ ಗೊತ್ತು. ಆನೆಯ ಕಿವಿ ಮುಟ್ಟಿದವನು, ಕಾಲು ಮುಟ್ಟಿದವನು, ಬಾಲ ಮುಟ್ಟಿದವನು ಕೊನೆಗೆ ಗುದ್ದಾಡುತ್ತಾರೆ. ನನಗೆ ಮುಖ್ಯವೆನಿಸುವುದು ಇಷ್ಟು: ಮುಟ್ಟಿದ್ದರಲ್ಲಿ ಯಾರದೂ ಸುಳ್ಳಿಲ್ಲ. ‘ಆನೆ ಅಂದರೆ ಇಷ್ಟೇ’ ಎಂದಾಗ ಸುಳ್ಳು ಶುರುವಾಯಿತು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ. ಸಾವಿರ ಜನರನ್ನು ಸರಿಯಾಗಿ ಆರಿಸಿ ಎಣಿಸಿ, ಒಂದು ಗುಂಪಿನಲ್ಲಿ ಬಾಕಿ ಇಡುವವರು ಹತ್ತಕ್ಕೆ ಇಬ್ಬರು ಎಂದೇ ಸಿಕ್ಕಿತು ಅನ್ನಿ. ಆಗ ಬಾಗಿಲು ಮುಚ್ಚಬಹುದೇ? ಕೂಡದು ಎಂದೇ ನನ್ನ ತೀರ್ಮಾನ. ಉಳಿದ ಎಂಟು ಜನ ಮಾಡದ ತಪ್ಪಿಗೆ ದಂಡ ಯಾಕೆ ಕಟ್ಟಬೇಕು? ಮನುಷ್ಯ ಹುಟ್ಟಿನಿಂದಲ್ಲ, ತನ್ನ ಕರ್ಮದಿಂದ, ಅಂದರೆ ತಾನು ಮಾಡುವ ಕೆಲಸದಿಂದ ಇಂಥವನಾಗುತ್ತಾನೆ ಎಂದು ವಾಸೆಟ್ಠ ಸುತ್ತದಲ್ಲಿ ಭಗವಾನರು ತಿಳಿಸಿದ್ದು ಎದುರಿಗೆ ನಿಂತ ಒಬ್ಬನ ಬಗ್ಗೆ. ಸರಾಸರಿ ಎಂಬ ಮನುಷ್ಯ ಯಾವ ಮನೆಯ ಬಾಗಿಲಿಗೂ ಬರುವುದಿಲ್ಲ.

ಹಾಗಾದರೆ ಅಂಕಿಅಂಶ ಬೇಡವೇ? ಬೇಕೇ ಬೇಕು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಬಾಬಾಸಾಹೇಬರು ಜನಸಂಖ್ಯೆಯ ಅಂಕಿ ಹಿಡಿದು ಅಸ್ಪೃಶ್ಯರಿಗೆ ಪ್ರಾತಿನಿಧ್ಯ ಕೇಳಿದರು. ಅಲ್ಲಿದ್ದದ್ದು ಇಡೀ ಸಮುದಾಯದ ಪ್ರಶ್ನೆ, ಅದಕ್ಕೆ ಎಣಿಕೆಯೇ ಉತ್ತರ. ಇವತ್ತಿಗೂ ಹಾವೇರಿಯ ಬಸ್ಸಿನಲ್ಲಿ ಯಾರಾದರೂ “ಈಗ ಜಾತಿ ಎಲ್ಲೈತ್ರಿ, ನಿಮ್ಮವರೊಬ್ಬರು ಡಿಸಿ ಆಗ್ಯಾರಲ್ಲ” ಅಂದರೆ, ಅದೂ ಒಂದೇ ಅಗುಳಿನ ಮಾತು. ಒಬ್ಬರು ಡಿಸಿ ಆದದ್ದು ಸಂತೋಷ. ಉಳಿದವರು ಎಷ್ಟು, ಅವರು ಎಲ್ಲಿದ್ದಾರೆ, ಅದನ್ನು ಎಣಿಸಬೇಕು.

ಮಾಲೀಕರನ್ನು ಅಂದದ್ದು ಸುಲಭ. ‘ಎಡಗೈಯವರು ಹಿಂಗ, ಬಲಗೈಯವರು ಹಂಗ’ ಎಂಬ ಮಾತು ಕಾಲಾಮ ಸುತ್ತ ಓದಿ ಮುಗಿಸಿ ಚಹಾ ಕುಡಿಯುವಾಗ ನಮ್ಮ ನಡುವೆಯೂ ಕೇಳುತ್ತದೆ. ಹಾಗೆ ಹೇಳಿದವರನ್ನು ನಾನೀಗ ಕೇಳುತ್ತೇನೆ, “ಎಷ್ಟು ಮಂದಿನ್ನ ನೋಡೀರಿ ಅಣ್ಣಾ?” ಹೆಚ್ಚಿನ ಸಲ ‘ಒಬ್ಬ’, ಇಲ್ಲವೇ ‘ಇಬ್ಬರು’ ಎಂಬ ಉತ್ತರ ಬರುತ್ತದೆ. ಒಬ್ಬರಂತೂ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿಲ್ರಿ ಸರ, ಕೇಳೀನಿ” ಅಂದರು.