ಬರೆದಿಟ್ಟವರ ದಾನ, ಬಿಟ್ಟುಕೊಟ್ಟವರ ದಾನ

ಮೃತ್ಯುಪತ್ರದಲ್ಲಿ ಶಾಲೆಗೋ ಮಠಕ್ಕೋ ಆಸ್ಪತ್ರೆಗೋ ಒಂದಿಷ್ಟು ಆಸ್ತಿ ಬರೆದಿಟ್ಟು ಹೋದವರನ್ನು ಊರು ಹೊಗಳುತ್ತದೆ. ಆದರೆ ಕಟ್ಟೆಯ ಮೇಲೆ ಕೂತವರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇದ್ದಾಗ ಬಿಡಲಿಲ್ಲ, ಸತ್ತ ಮ್ಯಾಲ ಕೊಟ್ರ ಅದೇನ್ ದೊಡ್ಡದು?’ ಕೇಳಿದ್ದು ಕುಹಕಕ್ಕಾದರೂ ಪ್ರಶ್ನೆ ಗಟ್ಟಿಯಾಗಿದೆ. ದಾನವೆಂದರೆ ತನ್ನದನ್ನು ಬಿಡುವುದು. ಸತ್ತವರಿಗೆ ಬಿಡುವುದಕ್ಕೆ ಏನು ಉಳಿದಿರುತ್ತದೆ? ಕಳೆದುಕೊಳ್ಳುವವರು ಮಕ್ಕಳು, ಹೆಸರು ಮಾತ್ರ ಅಪ್ಪನದು.

ಕೊಪ್ಪಳದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಬಲ ಬರುತ್ತದೆ. ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ 2 ಎಕರೆ ಹೊಲವನ್ನು ಊರಿನ ಸರ್ಕಾರಿ ಶಾಲೆಗೆ ಕೊಟ್ಟರು. ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ನಿಂತರು. ತಾವೇ ಕೊಟ್ಟ ನೆಲದ ಮೇಲೆ ಕೂಲಿಗೆ ದುಡಿದ ಅವರಿಗೆ 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಕೊಟ್ಟದ್ದರ ಫಲವನ್ನೂ ಕೊಟ್ಟದ್ದರಿಂದಾದ ಕೊರತೆಯನ್ನೂ ಅವರು ಕಣ್ಣಾರೆ ಕಂಡರು. ಇವರ ಪಕ್ಕದಲ್ಲಿಟ್ಟು ನೋಡಿದರೆ ಕಪಾಟಿನಲ್ಲಿ ಭದ್ರವಾಗಿರುವ ಮೃತ್ಯುಪತ್ರ ಸಪ್ಪೆ ಎನಿಸುವುದು ಸಹಜ.

ಆದರೂ ಆ ಅಳತೆಗೋಲು ಎಲ್ಲರಿಗೂ ಸಲ್ಲದು. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು ಒಂದೆರಡು ಎಕರೆ ಬಿಟ್ಟೂ ಬದುಕಿಯಾರು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಮೂರೆಕರೆ ಮಸಾರಿಯಷ್ಟೇ ಇರುವ ವಿಧವೆ ಬದುಕಿರುವಾಗ ಏನನ್ನು ಕೊಟ್ಟಾಳು? ಆ ಹೊಲವೇ ಅವಳ ಊಟ, ಔಷಧಿ, ಮಕ್ಕಳ ಮುಂದೆ ಮಾತು ನಡೆಯುವ ಬಲ. ದಾನಪತ್ರ ನೋಂದಣಿಯಾದರೆ ಆಸ್ತಿ ಅಂದೇ ಕೈಬಿಟ್ಟು ಹೋಗುತ್ತದೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಹೆತ್ತವರನ್ನು ಕೈಬಿಟ್ಟರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳಬೇಕಾಯಿತು. ಅಂಥ ಕಾಲದಲ್ಲಿ ‘ಇದ್ದಾಗಲೇ ಕೊಡು’ ಎನ್ನುವುದು ಉಳ್ಳವರ ಉಪದೇಶ. ಮೃತ್ಯುಪತ್ರವನ್ನು ಕೊನೆಯ ಉಸಿರಿನತನಕ ಬದಲಿಸಬಹುದು, ಹರಿದೂ ಹಾಕಬಹುದು. ಅದಕ್ಕೆ ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳ ರುಜು ಬೇಕು. ಹಿಡಿದದ್ದನ್ನು ಬಿಡಲಾಗದವರಿಗೂ ಕೊಡುವ ಅವಕಾಶ ಸಿಗುವುದು ಇಲ್ಲಿಯೇ.

ಆದರೆ ಸಾವಿನ ಹೊತ್ತಿನ ಔದಾರ್ಯವನ್ನು ಕಾನೂನು ಬಹುಕಾಲ ಅನುಮಾನದಿಂದಲೇ ನೋಡಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂ ಮುಖ್ಯವಾಗಿ ಕ್ರೈಸ್ತರಿಗೆ ಅನ್ವಯಿಸುತ್ತಿತ್ತು. ಹತ್ತಿರದ ಬಂಧುಗಳಿರುವವರು ಧರ್ಮಕಾರ್ಯಕ್ಕೆ ಆಸ್ತಿ ಬರೆದರೆ, ಆ ಮೃತ್ಯುಪತ್ರ ಸಾವಿಗೆ ಕನಿಷ್ಠ 12 ತಿಂಗಳು ಮೊದಲಿನದಾಗಿರಬೇಕು, ಬರೆದ 6 ತಿಂಗಳೊಳಗೆ ಠೇವಣಿಯಾಗಿರಬೇಕು ಎಂದು ಅದು ವಿಧಿಸಿತ್ತು. ಕೇರಳದ ಪಾದ್ರಿಯೊಬ್ಬರ ಅರ್ಜಿಯ ಮೇಲೆ 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮುಸ್ಲಿಂ ಕಾನೂನಿನ ಕಾಳಜಿ ಬೇರೆ: ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಹೀಗೆ ಬರೆಯುವಂತಿಲ್ಲ. ಮೊದಲನೆಯದು ಸಾಯುವವರ ಭಯವನ್ನು ಶಂಕಿಸಿತು. ಎರಡನೆಯದು ಉಳಿದವರ ಹಕ್ಕನ್ನು ನೆನೆಯಿತು. ಎರಡನೆಯದೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ, ಏಕೆಂದರೆ ಅದು ಈ ದಾನದಲ್ಲಿ ವಾರಸುದಾರರೂ ಒಂದು ಪಕ್ಷವೆಂದು ಗುರುತಿಸುತ್ತದೆ.

ನಮ್ಮ ಶಾಸನಗಳಿಗೂ ಇದು ಗೊತ್ತಿತ್ತು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯ ಗುಡಿ ಕಟ್ಟಿಸಿದ. ಆ ಕಾಲದ ದಾನಶಾಸನಗಳು ಯಾರು, ಎಷ್ಟು ಭೂಮಿ ಬಿಟ್ಟರೆಂದು ಹೇಳಿ ಸುಮ್ಮನಾಗುವುದಿಲ್ಲ. ಕೊನೆಗೆ ಶಾಪ ಬರುತ್ತದೆ: ಇದನ್ನು ಕಿತ್ತುಕೊಂಡವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ದೊಡ್ಡದೆಂಬ ಮಾತೂ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕಲ್ಲಿನ ಮೇಲೆ ಅಷ್ಟೊಂದು ಬೆದರಿಕೆ ಕೊರೆಸಿದ್ದು ಏಕೆ? ತನ್ನ ನಂತರ ಬರುವವರು ಮನಸ್ಸು ಮಾಡದಿದ್ದರೆ ದಾನ ಉಳಿಯದೆಂದು ಕೊಟ್ಟವನಿಗೆ ಗೊತ್ತಿದ್ದುದರಿಂದ. ಇಂದೂ ಅಜ್ಜ ಬಾಯಿಮಾತಿನಲ್ಲಿ ಶಾಲೆಗೆ ಬಿಟ್ಟ ಜಾಗದಲ್ಲಿ ಮೊಮ್ಮಕ್ಕಳು ಪಹಣಿ ಹಿಡಿದು ನಿಲ್ಲುತ್ತಾರೆ. ಗೇಟಿಗೆ ಬೀಗ ಬೀಳುತ್ತದೆ.

ಗಟ್ಟಿಯಾಗಿ ಬರೆದಿಟ್ಟರೆ ಏನಾಗಬಹುದೆಂಬುದಕ್ಕೆ ಬೆಳಗಾವಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯಿ ಸಾಕ್ಷಿ. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಅವರ ಹೆಸರಿನ ಟ್ರಸ್ಟ್ ಹುಟ್ಟಿತು, ಬೆಳಗಾವಿಯ ಕಾಲೇಜೊಂದು ಅವರ ಹೆಸರನ್ನು ಹೊತ್ತಿತು. ಒಂದು ಸಮುದಾಯಕ್ಕೆ ಅಕ್ಷರ ಆಗ ತುರ್ತಾಗಿತ್ತು, ಅದನ್ನೇ ಬರೆದರು. ಇಂದು ಬರೆಯುವವರು ಇನ್ನಷ್ಟು ಅಗಲವಾಗಿ ಯೋಚಿಸಬೇಕಾದೀತು. ಉದ್ದೇಶವನ್ನು ಬಿಗಿಯಾಗಿ ಕಟ್ಟಿಹಾಕಿದರೆ ಮುಂದಿನವರ ಕೈ ಕಟ್ಟಿದಂತೆ. ನಾಳೆಯ ಊರಿಗೆ ಏನು ಬೇಕೆಂದು ಇಂದು ಸಾಯುವವರಿಗೆ ಪೂರ್ತಿ ತಿಳಿದಿರುವುದಿಲ್ಲ.

ಹಾಗಾದರೆ ಕಟ್ಟೆಯ ಪ್ರಶ್ನೆಗೆ ನನ್ನ ಉತ್ತರ ಇದು: ಮೃತ್ಯುಪತ್ರದ ದಾನ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಬಿಟ್ಟುಕೊಡುತ್ತಾರೆ. ತ್ಯಾಗದ ಭಾರ ಹೊರುವವರು ಎರಡನೆಯವರಾದ್ದರಿಂದ, ಅವರಿಗೆ ತಿಳಿಸದೆ ಬರೆದದ್ದು ಔದಾರ್ಯದ ಹೆಸರಿನಲ್ಲಿ ಹೊರಿಸಿದ ದಂಡವಾಗುತ್ತದೆ. ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟನ್ನೇ ಬರೆಯಬಲ್ಲೆನೆಂದು ಹಿಂದೂ ಕುಟುಂಬದ ಯಜಮಾನ ಅರಿತಿರಬೇಕು. ಹೆಂಡತಿಯ ಆಸರೆ, ಹೆಣ್ಣುಮಕ್ಕಳ ಪಾಲು ದಾನದ ನೆಪದಲ್ಲಿ ಮರೆಯಾಗಬಾರದು. ಇಷ್ಟನ್ನೂ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಬಾಯಿಬಿಟ್ಟು ಹೇಳುವುದು ಬರೆಯುವುದಕ್ಕಿಂತ ಕಷ್ಟ. ಮಗ ಮುಖ ತಿರುಗಿಸಿಯಾನು, ಸೊಸೆ ಮಾತು ಬಿಟ್ಟಾಳು. ಬದುಕಿರುವಾಗ ಆ ಇರಿಸುಮುರಿಸನ್ನು ಸಹಿಸಿದವರು ಏನೂ ಕಳೆದುಕೊಳ್ಳದೆ ಕೊಟ್ಟರು ಎನ್ನಲಾಗದು. ಆಸ್ತಿಯನ್ನು ಅವರು ಸತ್ತ ಮೇಲೆ ಬಿಟ್ಟಿರಬಹುದು. ಮನೆಯವರ ಮುನಿಸನ್ನು ಇದ್ದಾಗಲೇ ಉಂಡಿರುತ್ತಾರೆ.