ಹಿತ್ತಲಿನಲ್ಲಿ ಹೊರಗಿನವರು ಯಾರು?

ಹಿತ್ತಲಿನಲ್ಲಿ ನಮ್ಮ ನೆಲದ ಗಿಡಗಳೇ ಇರಬೇಕು, ಹೊರಗಿನವು ಬೇಡ ಎಂಬ ಮಾತು ಈಚೆಗೆ ನಮ್ಮ ಶಹಾಪುರದ ಓಣಿಗಳಲ್ಲೂ ಕೇಳಿಬರುತ್ತಿದೆ. ನಮ್ಮ ಕಡೆ ಬಿಸಿಲು ಹೆಚ್ಚು, ಮಳೆ ಕಡಿಮೆ. ಇಲ್ಲಿಯ ಹವೆಗೆ ಒಗ್ಗಿದ ಗಿಡ ಪಾತ್ರೆ ತೊಳೆದ ನೀರಿನಲ್ಲೇ ಬದುಕಿಕೊಳ್ಳುತ್ತದೆ. ಆದ್ದರಿಂದ ಮಾತಿನಲ್ಲಿ ಹುರುಳಿದೆ. ಆದರೆ 'ನಮ್ಮದು' ಎಂದರೆ ಯಾವುದು?

ನಮ್ಮ ಊಟದ ತಾಟನ್ನೇ ನೋಡಿ. ಜೋಳದ ರೊಟ್ಟಿ, ತೊಗರಿಬೇಳೆ ಹಾಕಿದ ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆಂಪು ಖಾರ. ಯಾದಗಿರಿ, ಸುರಪುರ ಸೀಮೆಯಲ್ಲಿ ಇದಕ್ಕಿಂತ ನಮ್ಮದೆನ್ನುವ ಊಟ ಇನ್ನೊಂದಿಲ್ಲ. ಆದರೆ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಪುಂಡಿಯ ತವರೂ ಅದೇ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ಚುಗೀಸರ ಹಡಗಿನಲ್ಲಿ ಬಂತು. 1498ರಲ್ಲಿ ವಾಸ್ಕೋ ಡ ಗಾಮ ಬರುವ ಮೊದಲು ಈ ನಾಡಿನ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಇಡೀ ತಾಟಿನಲ್ಲಿ ಇದೇ ದೇಶದವೆಂದು ಹೇಳಲು ಸಿಗುವುದು ತೊಗರಿ, ಒಗ್ಗರಣೆಯ ಕರಿಬೇವು, ಇಂಥ ಒಂದೆರಡು ಮಾತ್ರ.

ಹಾಗೆಂದು ಬಂದದ್ದನ್ನೆಲ್ಲ ಬರಮಾಡಿಕೊಳ್ಳಲಾಗದು. ರಸ್ತೆಬದಿಯ ಬಳ್ಳಾರಿ ಜಾಲಿಯನ್ನು ನೋಡಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದೂ ಅಮೆರಿಕದಿಂದ ಬಂದದ್ದೇ. 19ನೆಯ ಶತಮಾನದಲ್ಲಿ ತಂದು ನೆಟ್ಟದ್ದು. ಆಡು, ಕುರಿ ಅದರ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹಾಕಿ ಬರುತ್ತವೆ. ಕಡಿದರೆ ಮತ್ತೆ ಚಿಗುರುತ್ತದೆ. ಬಡವರ ಒಲೆಗೆ ಕಟ್ಟಿಗೆ ಕೊಟ್ಟದ್ದು ನಿಜ. ಆದರೆ ತನ್ನ ಬುಡದಲ್ಲಿ ಬೇರೆ ಗಿಡ ಏಳಗೊಡುವುದಿಲ್ಲ. ಶೇಂಗಾ, ಜಾಲಿ ಎರಡೂ ಬಂದದ್ದು ಒಂದೇ ದಿಕ್ಕಿನಿಂದ. ಶೇಂಗಾ ನಮಗೆ ಕಾಳು, ದನಕ್ಕೆ ಹೊಟ್ಟು ಕೊಟ್ಟು ಮುಂದಿನ ಪೈರಿಗೆ ನೆಲ ಬಿಡುತ್ತದೆ. ಜಾಲಿ ಬಿಡುವುದಿಲ್ಲ. ವ್ಯತ್ಯಾಸವಿರುವುದು ಹುಟ್ಟಿನಲ್ಲಲ್ಲ, ನಡತೆಯಲ್ಲಿ.

ಆದ್ದರಿಂದ ಗಿಡ ನೆಡುವಾಗ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಬೇಸಿಗೆಯಲ್ಲಿ ಎಷ್ಟು ಕೊಡ ನೀರು ಬೇಡುತ್ತದೆ? ಪಕ್ಕದ ಗಿಡವನ್ನು ಬಾಳಗೊಡುತ್ತದೆಯೇ? ಅದರ ಬೀಜ ಮುಂದಿನ ವರ್ಷಕ್ಕೆ ನನ್ನ ಕೈಯಲ್ಲಿ ಉಳಿಯುತ್ತದೆಯೇ? ಬದನೆ ನಮಗೆ ಎಷ್ಟೇ ಹಳೆಯ ನಂಟಾಗಲಿ, ಹೈಬ್ರಿಡ್ ಬೀಜದ್ದಾದರೆ ಅದರ ಮರಿಗಿಡ ತಾಯಿಯಂತೆ ಬರುವುದಿಲ್ಲ. ಪ್ರತಿ ಸಲವೂ ಅಂಗಡಿಗೇ ಹೋಗಬೇಕು.

ಇದನ್ನು ಇಷ್ಟು ಹೇಳಲು ಕಾರಣವಿದೆ. 'ಹೊರಗಿನದು' ಎಂಬ ಮಾತು ಗಿಡದ ಹತ್ತಿರವೇ ನಿಲ್ಲುವುದಿಲ್ಲ. ಸುಗ್ಗಿ ಮುಗಿಯುತ್ತಲೇ ನಮ್ಮ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುತ್ತವೆ. ತರಗತಿಯಲ್ಲಿ ಹಾಜರಿ ಕರೆದರೆ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಅಲ್ಲಿ ಇಟ್ಟಿಗೆ ಹೊರುವ ಆ ಮಕ್ಕಳ ತಾಯಂದಿರನ್ನು ಯಾರಾದರೂ 'ಹೊರಗಿನವರು' ಎಂದರೆ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಗಿರುವಾಗ, ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಗಿಡದ ನೆಪದಲ್ಲೂ ನಾವು ಮಕ್ಕಳಿಗೆ ಕಲಿಸಬಾರದು. ನಡತೆ ನೋಡಿ ಗಿಡವನ್ನು ಕೀಳಬಹುದು, ಮನುಷ್ಯರನ್ನು ಕೀಳುವಂತಿಲ್ಲ.

ಜಾಲಿಯ ಸಸಿ ಕಂಡರೆ ಬೇರು ಇಳಿಯುವ ಮೊದಲೇ ಕಿತ್ತುಹಾಕಿ. ಕರಿಬೇವಿನ ಪಕ್ಕದಲ್ಲೇ ಪುಂಡಿ ಇರಲಿ. ಬೂದಿ ಬೆರೆಸಿ ಕಟ್ಟಿಟ್ಟ ಅದರ ಬೀಜದ ಗಂಟನ್ನು ನೆರೆಮನೆಯಾಕೆಗೆ ಕೊಡುವಾಗ, ಅದು ಯಾವ ಊರಿನದೆಂದು ನಮ್ಮಲ್ಲಿ ಇವತ್ತಿಗೂ ಯಾರೂ ಕೇಳುವುದಿಲ್ಲ.